ರದ್ದಾದ ಶಾಮಿಯಾನದ ಕೆಳಗೆ ಊಟ

ಮಾಘದ ಒಂದು ಶುಕ್ರವಾರ, ಬೆಳಿಗ್ಗೆ ಇನ್ನೇನು ಆರು ಗಂಟೆ. ಸ್ಥಳ, ಹುಣಸೂರಿನ ನಮ್ಮ ಮನೆಯ ಮುಂದಿನ ಕೋಣೆ. ಹಾಜರಿದ್ದವರು ನಾನು, ನನ್ನ ತಂಗಿಯ ಮಗಳು, ಮತ್ತು ಯಾರೂ ಮುಟ್ಟದೆ ತಾನೇ ಓಡುವ ಒಂದು ಬ್ರೌಸರ್.

ನಾನು ನಿವೃತ್ತ ನರ್ಸ್. ಕೆಲಸ ಬಿಟ್ಟರೂ ಆರು ಗಂಟೆ ನನ್ನನ್ನು ಬಿಟ್ಟಿಲ್ಲ. ರಾತ್ರಿ ಪಾಳಿಯವರಿಂದ ವಾರ್ಡು ವಹಿಸಿಕೊಳ್ಳುವ ಹೊತ್ತು ಅದು. ಈಗ ವಾರ್ಡಿನ ಬದಲು ವೆಬ್‌ಸೈಟು ವಹಿಸಿಕೊಳ್ಳುತ್ತೇನೆ. ನಮ್ಮೂರಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯೊಂದಿದೆ. ಮನೆಯಲ್ಲೇ ಕೂತು ಬುಕ್ ಮಾಡಲೆಂದು ಅದಕ್ಕೆ ವೆಬ್‌ಸೈಟು ಮಾಡಿಕೊಟ್ಟವಳು ಈ ತಂಗಿ ಮಗಳು, ನಮ್ಮ ಹುಡುಗಿ. ಅದು ದಿನವೂ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದೂ ಅವಳ ಜವಾಬ್ದಾರಿ. ಕೈಯಿಂದ ಎಷ್ಟೆಂದು ನೋಡುವುದು? ಅದಕ್ಕೇ ಒಂದು ಪ್ರೋಗ್ರಾಂ ಬರೆದಿದ್ದಾಳೆ. ಅದು ಗಿರಾಕಿಯಂತೆಯೇ ಬ್ರೌಸರ್ ತೆರೆದು, ಹೆಸರು ಬರೆದು, ಊರು ಆರಿಸಿ, ಬಟನ್ ಒತ್ತಿ, ಬರಬೇಕಾದದ್ದು ಬಂತೇ ಎಂದು ನೋಡುತ್ತದೆ. ಬಂದರೆ ಹಸಿರು ಗುರುತು, ಬರದಿದ್ದರೆ ಕೆಂಪು.

ಯಾವುದನ್ನು ನೋಡಬೇಕು, ಯಾವುದರ ನಂತರ ಯಾವುದು ಎಂದು ಹೇಳುವ ಕೆಲಸ ನನ್ನದು. ಇದು ನನಗೆ ಹೊಸದಲ್ಲ. ಮಾತ್ರೆ ಕೊಟ್ಟೆ ಎಂದರೆ ಸಾಲದು, ಕೊಟ್ಟ ಮೇಲೆ ಜ್ವರ ಇಳಿಯಿತೇ ಎಂದು ಬರೆಯಬೇಕು. ಬಟನ್ನಿಗೂ ಅದೇ ನ್ಯಾಯ. ಸಾಲಿಗ್ರಾಮ ಆರಿಸಿದರೆ ಗುರುಪುರದ ಸಾಗಣೆ ದರ ಬರುತ್ತಿದ್ದುದನ್ನು ಮೊದಲ ವಾರವೇ ಹಿಡಿದೆ. ಅಂದಿನಿಂದ ನನಗೆ ಇದರ ಹುಚ್ಚು. ಪರದೆಯ ಮೇಲೆ ಅಕ್ಷರಗಳು ತಾವಾಗಿಯೇ ಟಪಟಪ ಮೂಡುವುದನ್ನು ನೋಡಿದರೆ ಈಗಲೂ ನಗು ತಡೆಯಲಾಗುವುದಿಲ್ಲ. ಕಾಫಿ ಲೋಟ ಕೆಳಗಿಟ್ಟೇ ನೋಡಬೇಕು.

ಆದರೆ ಆ ಶುಕ್ರವಾರ ನಮ್ಮ ಹುಡುಗಿ ನಗುತ್ತಿರಲಿಲ್ಲ. ಹಿಂದಿನ ದಿನ ಅಂಗಡಿಯ ಯಜಮಾನರು ಅವಳಿಗೆ ಫೋನ್ ಮಾಡಿದ್ದರು.

"ದಿನಾ ಬೆಳಿಗ್ಗೆ ಬೋಣಿ ಆಯ್ತದೆ ಕಣವ್ವ, ಆದ ತಕ್ಷಣ ಕ್ಯಾನ್ಸಲ್ ಆಯ್ತದೆ. ಬೋಣಿನೇ ಕೆಟ್ರೆ ಯಾಪಾರ ಹೆಂಗ್ ನಡೀತದೆ? ನಾಳೆ ಸಂಜೆ ಬತ್ತೀನಿ. ಇಂಗೇ ಆದ್ರೆ ನಿನ್ ವೆಬ್‌ಸೈಟು ನೀನೇ ಮಡಿಕ್ಕೊ."

ದಿನದ ಮೊದಲ ವ್ಯಾಪಾರ ಮುರಿಯಬಾರದು. ತರಕಾರಿಯವಳು ಕೂಡ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ನಮ್ಮ ಪ್ರೋಗ್ರಾಂನ ಪರೀಕ್ಷೆ ದಿನವೂ ಮುರಿಯುತ್ತಿದ್ದುದು ಆ ಬೋಣಿಯನ್ನೇ. ಆರಕ್ಕೆ ಸರಿಯಾಗಿ, ಊರು ಏಳುವ ಮೊದಲೇ, ನನ್ನ ಹೆಸರಿನಲ್ಲಿ, ನನ್ನ ವಿಳಾಸಕ್ಕೆ 'ಇಂದೇ ಬೇಕು' ಎಂದು ಕುರ್ಚಿ, ಪಾತ್ರೆ ಸಮೇತ ಒಂದು ಶಾಮಿಯಾನ ಬುಕ್ ಮಾಡಿ, ಮರುಕ್ಷಣವೇ ರದ್ದು ಮಾಡುತ್ತಿತ್ತು. ಮುಂಗಡ ನನ್ನ ಖಾತೆಯಿಂದ ಹೋಗಿ ಹಾಗೇ ಮರಳುತ್ತಿತ್ತು.

ಇದು ಅವಳ ಮೊದಲ ಗಿರಾಕಿ. ಇವರು ಒಪ್ಪಿದರೆ ಪಿರಿಯಾಪಟ್ಟಣ, ಕೆ.ಆರ್. ನಗರದ ಅಂಗಡಿಯವರೂ ಬರುವವರಿದ್ದರು. ಒಪ್ಪದಿದ್ದರೆ ಅವಳು ಬಿಟ್ಟು ಬಂದ ಮೈಸೂರಿನ ಕೆಲಸಕ್ಕೇ ಮತ್ತೆ ಅರ್ಜಿ ಹಾಕಿ, ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲಬೇಕಿತ್ತು.

"ಅವರಿಗೆ ಫೋನ್ ಮಾಡಿ, ಅದು ನಮ್ಮ ಪರೀಕ್ಷೆ ಅಂತ ಹೇಳ್ಬಿಡ್ಲಾ ದೊಡ್ಡಮ್ಮ?" ಎಂದಳು.

"ಹೇಳೋದೇನು? ಸರಿ ಮಾಡು. ಬುಕ್ ಮಾಡೋದು ಆರಕ್ಕೇ ಇರ್ಲಿ. ರದ್ದು ಮಾಡೋದನ್ನ ಮಧ್ಯಾಹ್ನ ಹನ್ನೆರಡಕ್ಕೆ ಹಾಕು. ಅಷ್ಟೊತ್ತಿಗೆ ಬೇರೆ ಬುಕಿಂಗ್ ಬಂದಿರ್ತವೆ, ಬೋಣಿಗೆ ಏನೂ ಆಗಲ್ಲ."

ಹಾಗೇ ಮಾಡಿದಳು. ಆರಕ್ಕೆ ಬ್ರೌಸರ್ ತೆರೆಯಿತು, ಬುಕಿಂಗ್ ಆಯಿತು, ಹಸಿರು ಗುರುತು ಬಂತು. ನಾನು ಸ್ನಾನಕ್ಕೆ ಹೋದೆ.

ಎಂಟರ ಹೊತ್ತಿಗೆ ಮನೆ ಮುಂದೆ ಗಾಡಿ ನಿಂತಿತು. ಹಿಂದೆ ಕಂಬ, ಬಟ್ಟೆ, ಕೆಂಪು ಕುರ್ಚಿಗಳ ರಾಶಿ, ಮಗು ಕೂರಿಸಿ ನೀರು ಹಾಕಬಹುದಾದಷ್ಟು ದೊಡ್ಡ ಕೊಳಗ. ಡ್ರೈವರ್ ಇಳಿದು, "ಸಿಸ್ಟ್ರಮ್ಮ, ಗೂಟ ಎಲ್ಲಿ ಹೊಡೀಲಿ?" ಎಂದ.

ರದ್ದಾಗದ ಬುಕಿಂಗಿಗೆ ಸಾಮಾನು ಬರುತ್ತದೆ ಎನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

"ವಾಪಸ್ ತಗೊಂಡು ಹೋಗಪ್ಪ, ತಪ್ಪಾಗಿ ಬಂದದೆ," ಎಂದೆ.

"ಬೋಣಿ ಸಾಮಾನು ಕಣಮ್ಮ. ವಾಪಸ್ ತಕ್ಕಂಡೋದ್ರೆ ಯಜಮಾನ್ರು ನನ್ನ ಸುಮ್ನೆ ಬುಟ್ಟಾರಾ?"

ಅವನು ಕೇಳಿಸಿಕೊಳ್ಳುವಂತೆ ಕಾಣಲಿಲ್ಲ. ನೋಡನೋಡುತ್ತಲೇ ನಮ್ಮ ಬಾಗಿಲ ಮುಂದೆ ಹಳದಿ ಕೆಂಪು ಶಾಮಿಯಾನ ಎದ್ದು ನಿಂತಿತು. ಎದುರು ಮನೆಯಾಕೆ ರಂಗೋಲಿ ಡಬ್ಬಿ ಹಿಡಿದೇ ಬಂದರು.

"ಏನ್ ಸಿಸ್ಟ್ರೇ, ಹುಡುಗಿಗೆ ಮದುವೆ ಗೊತ್ತಾಯ್ತಾ? ನಮಗೊಂದು ಮಾತು ಹೇಳ್ಬಾರ್ದಾ?"

"ಮದುವೆ ಅಲ್ಲ, ಟೆಸ್ಟಿಂಗು," ಎಂದಳು ನಮ್ಮ ಹುಡುಗಿ.

"ಅಯ್ಯೋ, ಮತ್ತೆ ಹುಷಾರಿಲ್ವಾ? ಯಾತರ ಟೆಸ್ಟು?"

ನನಗೆ ನಗು ಶುರುವಾದದ್ದು ಅಲ್ಲಿಂದ. ಕಂಬ ಹಿಡಿದುಕೊಂಡು ನಕ್ಕೆ. ನಮ್ಮ ಹುಡುಗಿ ಮುಖ ಊದಿಸಿಕೊಂಡು, "ನಗು, ನಗು. ನಾಳೆ ಬಸ್ ಪಾಸ್ ಮಾಡಿಸ್ಬೇಕಾದೋಳು ನಾನು," ಎಂದಳು.

ಕೆಲಸ ಕೆಟ್ಟಾಗ ಅಳುತ್ತಾ ಕೂರಲು ವಾರ್ಡಿನಲ್ಲಿ ನಾನು ಯಾರನ್ನೂ ಬಿಟ್ಟವಳಲ್ಲ. ತಂದ ಕೊಳಗ ಒಲೆ ಕಾಣದೆ ವಾಪಸ್ಸು ಹೋಗಬಾರದು, ಅದೊಂದು ಪದ್ಧತಿ. ಎದುರು ಮನೆಯಾಕೆ ರವೆ ತಂದರು, ಪಕ್ಕದವರು ತುಪ್ಪ ತಂದರು, ನಾನು ಸಕ್ಕರೆ ಡಬ್ಬಿ ಬಗ್ಗಿಸಿದೆ. ಡ್ರೈವರ್ ಗಾಡಿಯಿಂದ ದೊಡ್ಡ ಒಲೆಯನ್ನೂ ಇಳಿಸಿದ. ಕೇಸರಿಭಾತು, ಅದರ ಹಿಂದೆ ಚಿತ್ರಾನ್ನ. ಬೀದಿಯವರೆಲ್ಲ ಬಂದು ಕೂತರು. ಏತಕ್ಕೆ ಊಟ ಎಂದು ಕೇಳಿದವರಿಗೆ ಎದುರು ಮನೆಯಾಕೆಯೇ, "ಕಂಪ್ಯೂಟರಿಂದು," ಎಂದು ಗಂಭೀರವಾಗಿ ಹೇಳಿ ಎಲೆ ಹಾಕುತ್ತಿದ್ದರು.

ಸಂಜೆ ಬರಬೇಕಿದ್ದ ಯಜಮಾನರು ಸುದ್ದಿ ಕೇಳಿ ಮಧ್ಯಾಹ್ನವೇ ಸ್ಕೂಟರಿನಲ್ಲಿ ಬಂದರು. ನಮ್ಮ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ನನ್ನ ಕಡೆ ತಿರುಗಿದರು.

"ಅಂದ್ರೆ ದಿನಾ ಬುಕ್ ಮಾಡಿ ಕ್ಯಾನ್ಸಲ್ ಮಾಡ್ತಿದ್ದದ್ದು ನೀವಲ್ವಾ? ನಾನು, ಪಾಪ, ವಯಸ್ಸಾಯ್ತು, ಸಿಸ್ಟ್ರಮ್ಮಂಗೆ ಮರೆವು ಬಂದದೆ ಅಂದ್ಕಂಡು ನಿಮ್ಮುನ್ನ ಕೇಳಿರ್ನಿಲ್ಲ."

"ನನಗೇನೂ ಮರೆವು ಬಂದಿಲ್ಲ. ಮೊದಲು ಊಟಕ್ಕೆ ಕೂತ್ಕೊಳ್ಳಿ."

ಕೂತರು. ಮುಖದಲ್ಲಿ ಇನ್ನೂ ಬಿಗಿ ಇತ್ತು. ಎಲೆಗೆ ಕೇಸರಿಭಾತು ಬಿದ್ದು, ಮೊದಲ ತುತ್ತು ಬಾಯಿಗೆ ಹೋಗಿತ್ತಷ್ಟೆ, ಜೇಬಿನಲ್ಲಿ ಫೋನು ಸದ್ದು ಮಾಡಿತು. ಎಡಗೈಯಲ್ಲಿ ತೆಗೆದು ಓದಿದರು. ತಲೆಯೆತ್ತಿ ಶಾಮಿಯಾನ ನೋಡಿದರು. ಬಗ್ಗಿ ಕುರ್ಚಿ ನೋಡಿದರು.

"ಸಿಸ್ಟ್ರಮ್ಮ, ನಾನು ಕೂತಿರೋ ಕುರ್ಚಿ ಕ್ಯಾನ್ಸಲ್ ಆಗೋಯ್ತು."

ಹನ್ನೆರಡು ಗಂಟೆ. ಒಳಗೆ ಬ್ರೌಸರ್ ತನ್ನ ಪಾಡಿಗೆ ತೆರೆದುಕೊಂಡು, ಬುಕಿಂಗನ್ನು ಹುಡುಕಿ, ರದ್ದು ಬಟನ್ ಒತ್ತಿತ್ತು. ನನ್ನ ಫೋನಿಗೂ ಸಂದೇಶ ಬಂತು: ಮುಂಗಡ ಪೂರ್ತಿ ವಾಪಸ್. ನಾನು ಕೇಸರಿಭಾತಿನ ಸೌಟು ಹಿಡಿದೇ ನಗಲು ಶುರು ಮಾಡಿದೆ. ಡ್ರೈವರ್ ನಕ್ಕ, ಎದುರು ಮನೆಯಾಕೆ ಸೆರಗು ಬಾಯಿಗೆ ತುಂಬಿಕೊಂಡರು. ಕೊನೆಗೆ ಯಜಮಾನರಿಗೂ ನಗು ತಡೆಯಲಾಗದೆ ಕೆಮ್ಮು ಬಂದು, ನಾನೇ ಬೆನ್ನು ತಟ್ಟಿ ನೀರು ಕೊಡಬೇಕಾಯಿತು.

ನಗದೆ ಇದ್ದವಳು ನಮ್ಮ ಹುಡುಗಿ ಒಬ್ಬಳೇ. ಒಳಗೆ ಓಡಿ ಪರದೆ ನೋಡಿ ಬಂದಳು.

"ದೊಡ್ಡಮ್ಮ, ಹಸಿರು ಬಂದಿದೆ."

"ಬರಲಿ ಬಿಡು, ಒಳ್ಳೇದೇ ಅಲ್ವಾ?"

"ಒಳ್ಳೇದಲ್ಲ. ಇದು ಕೆಂಪು ಬರ್ಬೇಕಿತ್ತು. ಸಾಮಾನು ತಲುಪಿ, ಗೂಟ ಹೊಡೆದು, ಜನ ಊಟಕ್ಕೆ ಕೂತಿದ್ದಾರೆ. ಈಗ ರದ್ದು ಆಗೋಕೆ ಬಿಡಬಾರದು. ದುಡ್ಡೂ ವಾಪಸ್ ಬಂತಲ್ಲ."

ನನಗೆ ಆಗ ನಗು ನಿಂತಿತು. ನಾವು ದಿನವೂ ಬುಕ್ ಮಾಡಿದ ಮರುಕ್ಷಣವೇ ರದ್ದು ಮಾಡಿ ನೋಡುತ್ತಿದ್ದೆವು. ಸಾಮಾನು ತಲುಪಿದ ಮೇಲೆ ಏನಾಗುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ರೋಗಿ ಮಲಗಿದ್ದಾಗಷ್ಟೇ ನಾಡಿ ಹಿಡಿದು, ನಡೆಸಿ ನೋಡದೆ ಮನೆಗೆ ಕಳಿಸಿದ ಹಾಗೆ.

ಯಜಮಾನರು ನೀರಿನ ಲೋಟ ಕೆಳಗಿಟ್ಟರು. "ಅಂದ್ರೆ ಯಾರೋ ಒಬ್ಬ ಹಂಪಾಪುರದಲ್ಲಿ ಮದುವೆ ಮಾಡಿ, ಬೀಗರೂಟ ಮುಗಿಸಿ, ಕೈ ತೊಳ್ಕಂಡು ಕ್ಯಾನ್ಸಲ್ ಒತ್ತಿದ್ರೆ?"

"ನಿಮ್ಮ ಮುಂಗಡ ಅವನ ಜೇಬಿಗೆ," ಎಂದಳು ಅವಳು, ನೆಲ ನೋಡುತ್ತಾ.

ಅವರು ಎಲೆಯಲ್ಲಿದ್ದದ್ದನ್ನು ಬಳಿದು ತಿಂದರು. ಆಮೇಲೆ ಎಲೆ ಕಡೆ ಕೈ ತೋರಿಸಿ, "ಇನ್ನೊಂದ್ಸಲ್ಪ ಹಾಕ್ರಿ," ಎಂದರು. ಹಾಕಿದೆ. ತಿಂದು ಮುಗಿಸಿಯೇ ಮಾತಾಡಿದರು.

"ಮದುವೆ ಕಾಲ ಈಗ ತಾನೇ ಶುರು. ಇದು ಇವತ್ತೇ ಸಿಕ್ಕಿದ್ದು ನನ್ ಪುಣ್ಯ. ನೀನೇ ನೋಡ್ಕೊಳವ್ವ, ಮುಂದಕ್ಕೂ. ಕೆ.ಆರ್. ನಗರದೋರಿಗೂ ಹೇಳ್ತೀನಿ. ಆದ್ರೆ ನನ್ ಬೋಣಿ?"

"ಬುಕ್ ಮಾಡೋ ಪರೀಕ್ಷೆಗೆಲ್ಲ ನಿಮ್ಮ ವೆಬ್‌ಸೈಟಿಂದೇ ಇನ್ನೊಂದು ನಕಲು ಮಾಡ್ತೀನಿ ಸಾರ್. ಅದರಲ್ಲಿ ಬುಕ್ ಮಾಡಿದ್ರೆ ಯಾವ ಗಾಡಿಯೂ ಹೊರಡಲ್ಲ. ನಿಜವಾದದ್ದನ್ನ ಬೆಳಿಗ್ಗೆ ಆರಕ್ಕೆ ಸುಮ್ನೆ ತೆರೆದು ನೋಡಿ ಬರ್ತೀವಿ, ಅಷ್ಟೆ."

"ಬಾಗ್ಲು ತೆಗೀತಿದ್ದಂಗೆ ಬಂದು, ಏನೂ ತಗೊಳ್ದೆ, ನೋಡ್ಬುಟ್ಟು ಓಗೋದಾ? ಅದೂ ಬ್ಯಾಡ. ಬೋಣಿ ಆಗೋ ಗಂಟ ನಿಮ್ ಮಿಷನ್ನು ಕಾಯ್ಲಿ."

"ಆರು ಗಂಟೆ ಅಂದ್ರೆ ಆರು ಗಂಟೆ," ಎಂದೆ ನಾನು. "ಬೋಣಿ ಎಷ್ಟು ಹೊತ್ತಿಗೆ ಆಗುತ್ತೋ ಯಾರಿಗೆ ಗೊತ್ತು?"

"ಸಿಸ್ಟ್ರಮ್ಮ, ಮಲಗಿರೋ ಪೇಶೆಂಟನ್ನ ಎಬ್ಬಿಸಿ ಇಂಜೆಕ್ಷನ್ ಕೊಡ್ತಿದ್ರಾ?"

"ಕೊಡ್ತಿದ್ದೆ."

"ಗೊತ್ತು. ನನಗೇ ಕೊಟ್ಟಿದ್ರಿ."

ಶಾಮಿಯಾನದ ತುಂಬ ನಗು. ನಮ್ಮ ಹುಡುಗಿ ಆ ದಿನ ಮೊದಲ ಸಲ ನಕ್ಕಳು, ಅದೂ ನನ್ನನ್ನು ನೋಡಿ. ಅವಳು ನಕ್ಕ ಮೇಲೆ ನಾನು ಆರು ಗಂಟೆಯನ್ನು ಬಿಟ್ಟುಕೊಟ್ಟೆ. ಈಗ ನಮ್ಮ ಪರೀಕ್ಷೆಯ ಮೊದಲ ಹೆಜ್ಜೆಯೇ ಇದು: ದಿನದ ಮೊದಲ ಬುಕಿಂಗ್ ಬಂದಿದೆಯೇ? ಬಂದಿಲ್ಲದಿದ್ದರೆ ಕಾಯಬೇಕು. ಇದನ್ನು ನಾನೇ ಹೇಳಿ ಬರೆಸಿದೆ.

ಮಧ್ಯಾಹ್ನವೆಲ್ಲ ಅವಳು ರದ್ದು ಬಟನ್ನಿನ ಹಿಂದೆ ಬಿದ್ದಳು. ತಲುಪಿದ ಸಾಮಾನು ರದ್ದಾಗಬಾರದು ಎಂಬ ಹೊಸ ಪರೀಕ್ಷೆಯನ್ನು ಮೊದಲು ಓಡಿಸಿದಾಗ ಕೆಂಪು ಬಂತು, ಬರಲೇಬೇಕಿತ್ತು. ತಿದ್ದಿ ಓಡಿಸಿದಾಗ ಮತ್ತೆ ಕೆಂಪು. ದೀಪ ಹಚ್ಚುವ ಹೊತ್ತಿಗೆ ಹಸಿರು ಬಂತು. ಈ ಸಲ ನಾನು ಹಸಿರನ್ನು ನಂಬಲಿಲ್ಲ. ಪರದೆಯ ಹತ್ತಿರ ಮೂಗು ಇಟ್ಟು, ರದ್ದು ಬಟನ್ ಮಾಯವಾಗಿದೆಯೇ ಎಂದು ಕಣ್ಣಾರೆ ನೋಡಿದೆ. ಮಾಯವಾಗಿತ್ತು.

ಹೊರಗೆ ಡ್ರೈವರ್ ಕುರ್ಚಿ ಪೇರಿಸುತ್ತಿದ್ದ. ಮರಳಿಸುವ ಪಾತ್ರೆ ಬರಿದಾಗಿ ಹೋಗಬಾರದೆಂದು, ತೊಳೆದು ಬೋರಲು ಹಾಕಿದ್ದ ಕೊಳಗ ಎತ್ತಿ ಒರೆಸಿ, ಒಳಗೆ ಒಂದು ಹಿಡಿ ಅಕ್ಕಿ ಹಾಕಿದೆ. ನಾನೂ ಅವನೂ ಒಂದೊಂದು ಕಿವಿ ಹಿಡಿದು ಅದನ್ನು ಗಾಡಿಗೆ ಏರಿಸಿದೆವು.