ಗ್ಲೆನ್‌ರಾಯ್‌ನ ಕೈಗೆ ಹಚ್ಚಿದ ವಿಭೂತಿ

ಗ್ಲೆನ್‌ರಾಯ್ ಟಲ್ಲೊಕ್ ಎಂಬ ಬಾಕ್ಸರ್‌ನ ಹೆಸರು ನೀವು ಕೇಳಿರಲಿಕ್ಕಿಲ್ಲ. ಕೇಳದಿದ್ದರೆ ತಪ್ಪೇನೂ ನಿಮ್ಮದಲ್ಲ. ಹನ್ನೊಂದು ವರ್ಷ ಸಿಡ್ನಿಯಲ್ಲಿ ಹೆವಿವೇಟ್ ಬಾಕ್ಸಿಂಗ್ ಆಡಿದರೂ ಅವನ ಹೆಸರು ಪೇಪರಿನಲ್ಲಿ ಬಂದದ್ದು ಎರಡೇ ಸಲ, ಅದರಲ್ಲಿ ಎರಡನೆಯದು ಬಾರದಿದ್ದರೇ ಚೆನ್ನಾಗಿತ್ತು. ಆದರೆ ಪ್ಯಾರಮಟ್ಟಾದ ಮಹಾಶ್ವೇತಾಳನ್ನು ಕೇಳಿ ನೋಡಿ. ಆ ಮನುಷ್ಯನ ಎರಡೂ ಕೈಗಳ ಐವತ್ತನಾಲ್ಕು ಎಲುಬುಗಳನ್ನು ಅವಳು ಕಣ್ಣು ಮುಚ್ಚಿಕೊಂಡೇ ಮುಟ್ಟಿ ಹೇಳಬಲ್ಲಳು.

ಮಹಾಶ್ವೇತಾ ಧಾರವಾಡದವಳು. ಪ್ಯಾರಮಟ್ಟಾ ಸ್ಟೇಷನ್ನಿನ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಫಿಸಿಯೊ. ಅದರಲ್ಲೂ ಬೆರಳು, ಅಂಗೈ, ಮಣಿಕಟ್ಟು ಇಷ್ಟೇ ಅವಳ ಕೆಲಸ. ಗಂಡ ವೀರೇಂದ್ರನದು ಐಟಿ, ಮನೆ ಎಪ್ಪಿಂಗ್‌ನಲ್ಲಿ ಏಳನೆಯ ಮಹಡಿಯ ಅಪಾರ್ಟ್‌ಮೆಂಟ್. ಕೈಗಳ ಹುಚ್ಚು ಅವಳಿಗೆ ಬಂದದ್ದು ಕಾಲೇಜಿನಿಂದಲ್ಲ, ಅಜ್ಜ ಶಾಂತವೀರಪ್ಪನವರಿಂದ. ಅಜ್ಜ ಎಲುಬು ಕಟ್ಟುವವರು. ಸುತ್ತಮುತ್ತ ಯಾರು ಗಿಡದಿಂದ ಬಿದ್ದರೂ, ಯಾರ ಕೈ ಗಾಲಿಗೆ ಸಿಕ್ಕರೂ ಮೊದಲು ಬರುತ್ತಿದ್ದದ್ದು ಅವರ ಕಟ್ಟೆಗೆ. ಎಲುಬು ಕೂಡಿಸಿ, ಎಣ್ಣೆ ನೀವಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುವ ಮೊದಲು ಅಜ್ಜ ಚರ್ಮಕ್ಕೆ ಒಂದು ಚಿಟಿಕೆ ವಿಭೂತಿ ಹಚ್ಚುತ್ತಿದ್ದರು. ವಿಭೂತಿ ಹಚ್ಚದ ಕಟ್ಟು ನಿಲ್ಲುವುದಿಲ್ಲ ಎಂದು ಅವರ ನಂಬಿಕೆ. ನಿಲ್ಲುತ್ತದೋ ಇಲ್ಲವೋ, ಆರು ವರ್ಷದ ಹುಡುಗಿ ಪಕ್ಕದಲ್ಲಿ ಕೂತು ದಿನಾ ನೋಡಿದ್ದು ಅಷ್ಟು ಸುಲಭಕ್ಕೆ ಕೈಬಿಟ್ಟು ಹೋಗುವುದಿಲ್ಲ.

ಕ್ಲಿನಿಕ್ಕಿನಲ್ಲಿ ಅವಳು ಹಾಗೆಲ್ಲ ಮಾಡುತ್ತಿರಲಿಲ್ಲ, ಬಿಡಿ. ಅಲ್ಲಿ ಗ್ಲೌಸು, ಸ್ಪಿರಿಟ್ಟು, ಫಾರ್ಮು. ಬಂದ ಹೊಸದರಲ್ಲಿ ಹಣೆಗೆ ವಿಭೂತಿ ಹಚ್ಚಿಕೊಂಡು ಹೋಗುತ್ತಿದ್ದಳು. ಹಣೆಗೆ ಏನಾಗಿದೆ, ಪೆಟ್ಟಾಯಿತೇ, ಚರ್ಮದ ರೋಗವೇ ಎಂದು ದಿನಕ್ಕೆ ನಾಲ್ಕು ಜನ ಕೇಳುವರು. ಹೇಳಿ ಹೇಳಿ ಬಾಯಿ ನೋಯಿತು. ಒಂದು ದಿನ ಬಾತ್‌ರೂಮಿನಲ್ಲಿ ಒರೆಸಿಕೊಂಡವಳು ಮತ್ತೆ ಹಚ್ಚಿಕೊಂಡು ಹೊರಬೀಳಲಿಲ್ಲ. ಮನೆಯಲ್ಲಿ ಮಾತ್ರ ಅವ್ವ ಚನ್ನಕ್ಕ ವರ್ಷಕ್ಕೊಮ್ಮೆ ಕಳಿಸುವ ವಿಭೂತಿ ಗಟ್ಟಿ ದೇವರ ಮುಂದೆ ಇರುತ್ತಿತ್ತು.

ಗ್ಲೆನ್‌ರಾಯ್ ಅವಳ ಬಳಿ ಬಂದದ್ದು ಎಂಟು ವರ್ಷದ ಹಿಂದೆ, ಬಲಗೈ ಬೋಂಡಾದ ಹಾಗೆ ಊದಿಸಿಕೊಂಡು. ಜಮೈಕಾದ ಮೇ ಪೆನ್ ಎಂಬ ಊರಿನವನು, ಅಪ್ಪ ಕಬ್ಬು ಕಡಿಯುತ್ತಿದ್ದ. ಇಪ್ಪತ್ತಾರನೆಯ ವಯಸ್ಸಿಗೆ ಸಿಡ್ನಿಯ ಯಾರೋ ದೊಡ್ಡ ಬಾಕ್ಸರ್‌ಗೆ ಅಭ್ಯಾಸಕ್ಕೆಂದು ಹೊಡೆಸಿಕೊಳ್ಳಲು ಇವನನ್ನು ಕರೆಸಿದ್ದರು. ಆ ದೊಡ್ಡವನು ಎರಡೇ ವರ್ಷಕ್ಕೆ ಬಾಕ್ಸಿಂಗ್ ಬಿಟ್ಟು ಮನೆ ಮಾರುವ ಬಿಸಿನೆಸ್‌ಗೆ ಹೋದ, ಇವನು ಇಲ್ಲೇ ಉಳಿದ. ಹಗಲು ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ಫ್ರಿಜ್ ಹೊರುವುದು, ಸಂಜೆ ಜಿಮ್. ಹೆವಿವೇಟ್ ಬಾಕ್ಸರ್‌ಗಳು ಈ ದೇಶದಲ್ಲಿ ಬೆರಳೆಣಿಕೆಯಷ್ಟು. ಮೂರು ತಿಂಗಳು ಬೆವರು ಸುರಿಸಿ ತಯಾರಾದರೆ ಎದುರಾಳಿಗೆ ಜ್ವರ, ಇಲ್ಲವೇ ಮದುವೆ, ಇಲ್ಲವೇ ಸುಮ್ಮನೆ ಭಯ. ಆಡಿದ್ದು ಇಪ್ಪತ್ತೊಂದು ಪಂದ್ಯ, ನಿಗದಿಯಾಗಿ ರದ್ದಾದದ್ದು ಹದಿನಾಲ್ಕು. ಗೆದ್ದದ್ದು ಹನ್ನೆರಡು. ಬಲಗೈ ಮುರಿದದ್ದು ಮೂರು ಸಲ.

ಮೂರು ಸಲವೂ ಅದು ಮತ್ತೆ ಮುಷ್ಟಿ ಕಟ್ಟುವಂತೆ ಮಾಡಿದವಳು ಮಹಾಶ್ವೇತಾ. ಅಷ್ಟು ದೊಡ್ಡ ಆಳು ಅವಳ ಮುಂದೆ ಶಾಲೆಯ ಹುಡುಗನಂತೆ ಕೈ ಚಾಚಿಕೊಂಡು ಕೂರುತ್ತಿದ್ದ. ಅಲುಗಾಡಿದರೆ 'ಸುಮ್ಮ ಕೂಡ್ರೋ' ಎಂದು ಕನ್ನಡದಲ್ಲೇ ಗದರುವಳು, ಅವನು ಅರ್ಥವಾದವನಂತೆ ತಲೆಯಾಡಿಸುವನು. ಅವಳನ್ನು ಕರೆಯುವುದು ಸಿಸ್ಟರ್ ಎಂದು. ಒಂದು ಕ್ರಿಸ್‌ಮಸ್‌ಗೆ ಅವನು ತಮ್ಮೂರಿನ ಕೆಂಪು ಪಾನಕ ಮಾಡಿ ಬಾಟ್ಲಿಯಲ್ಲಿ ತಂದುಕೊಟ್ಟ. ಕುಡಿದು ನೋಡಿದರೆ, ಅಯ್ಯ ಶಿವನೇ, ನಮ್ಮ ಪುಂಡಿ ಸೊಪ್ಪಿನ ಹುಳಿ! ಅವಳು ಅವನಿಗೆ ಪುಂಡಿಪಲ್ಯ ಮಾಡಿ ರೊಟ್ಟಿಯ ಜೊತೆ ಕಟ್ಟಿಕೊಟ್ಟಳು. ಆಮೇಲೆ ಪಂದ್ಯದ ದಿನ ಅವನ ಕೈಗೆ ಪಟ್ಟಿ ಸುತ್ತುವುದೂ ಅವಳೇ ಎಂದು ಆಯಿತು. ಗ್ಲೌಸು ಹಾಕುವ ಮೊದಲು ಬಾಕ್ಸರ್‌ನ ಕೈಗೆ ಗಾಯಕ್ಕೆ ಕಟ್ಟುವಂಥ ತೆಳು ಬಟ್ಟೆ, ಮೇಲೆ ಟೇಪು ಸುತ್ತುತ್ತಾರೆ, ಎಲುಬಿಗೆ ಕಾವಲಾಗಿ. ಕ್ಲಿನಿಕ್ಕಿನ ಹೊರಗೆ, ಅವನ ಕೈ ಹಿಡಿದಾಗ, ಅವಳಿಗೆ ಅಜ್ಜ ನೆನಪಾದರು. ಒಂದು ಚಿಟಿಕೆ ಹಚ್ಚಿ ಸುತ್ತಿದಳು. ಅವನು ನೋಡಿದ, ಏನೆಂದು ಕೇಳಲಿಲ್ಲ. ಆ ಪಂದ್ಯ ಗೆದ್ದ. ಅಲ್ಲಿಂದ ನಾಲ್ಕು ವರ್ಷ ಪ್ರತಿ ಸಲವೂ ಹಚ್ಚಿದಳು. ಸಿಡ್ನಿಯ ಸಣ್ಣ ಹಾಲ್‌ಗಳಲ್ಲಿ ಬಾಕ್ಸಿಂಗ್ ಮಂಡಳಿಯ ಇನ್ಸ್‌ಪೆಕ್ಟರ್ ಬಂದು ಮೇಲಿನ ಟೇಪಿಗೆ ಸಹಿ ಹಾಕಿ ಹೋಗುತ್ತಿದ್ದ, ಒಳಗೇನಿದೆ ಎಂದು ಯಾರೂ ಕೆದಕಲಿಲ್ಲ.

ಹೋದ ವರ್ಷ ಮೆಲ್ಬರ್ನ್‌ನಿಂದ ಕರೆ ಬಂತು. ಅಲ್ಲಿಯ ಇಪ್ಪತ್ನಾಲ್ಕರ ಹುಡುಗನೊಬ್ಬನ ಜೊತೆ ಹತ್ತು ರೌಂಡು. ಗ್ಲೆನ್‌ರಾಯ್ ಗೆದ್ದರೆ ಆ ಪ್ರಮೋಟರ್ ಮುಂದೆ ಮೂರು ಪಂದ್ಯ ಕೊಡುವುದಾಗಿ, ವೀಸಾಕ್ಕೂ ತಾನೇ ನಿಲ್ಲುವುದಾಗಿ ಬರೆದುಕೊಟ್ಟಿದ್ದ. ಗೆಲ್ಲದಿದ್ದರೆ ಮೂವತ್ತೇಳು ವಯಸ್ಸಿನವನಿಗೆ ಇನ್ಯಾರು ಪಂದ್ಯ ಕೊಡುತ್ತಾರೆ? ಪಂದ್ಯವಿಲ್ಲದಿದ್ದರೆ ವೀಸಾ ಇಲ್ಲ. ಇದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಪಿಆರ್‌ಗೆ ಎಂದರೆ ಇಲ್ಲೇ ನೆಲೆಸುವ ಪರವಾನಗಿಗೆ, ಆರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳಿಗೆ ವೀಸಾದ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ರಜೆ ಹಾಕಿ ಅವಳೂ ಮೆಲ್ಬರ್ನ್‌ಗೆ ಹೊರಟಳು.

ಅವತ್ತು ಡ್ರೆಸ್ಸಿಂಗ್ ರೂಮಿನಲ್ಲಿ ಅವಳು ಪಟ್ಟಿಯ ಸುರುಳಿಯನ್ನು ಎರಡೆರಡು ಸಲ ಬಿಚ್ಚಿ ಸುತ್ತಿದಳು. ಆಡುವವನು ಅವನು, ಹೆದರುವವಳು ಇವಳು. ಆ ಹೆದರಿಕೆಯಲ್ಲಿ ಚಿಟಿಕೆ ಸಾಲದೆನಿಸಿತು. ಮೂರು ಬೆರಳು ತುಂಬ ತೆಗೆದು, ಬಲಗೈಯ ಗೆಣ್ಣುಗಳ ಮೇಲೆ, ಮುರಿದು ಕೂಡಿದ ಎಲುಬಿನ ಉದ್ದಕ್ಕೆ, ದೇವರ ಹೆಸರು ಹೇಳಿಕೊಂಡು ಬಳಿದಳು. ಮೇಲೆ ಪಟ್ಟಿ ಸುತ್ತಿ ಮುಗಿಸುವ ಹೊತ್ತಿಗೆ ಎದುರಾಳಿಯ ಕಡೆಯವನೊಬ್ಬ ಒಳಬಂದ. ದೊಡ್ಡ ಪಂದ್ಯಗಳಲ್ಲಿ ಹಾಗಂತೆ, ಈ ಕಡೆಯವರು ಪಟ್ಟಿ ಸುತ್ತುವಾಗ ಆ ಕಡೆಯವರು ನಿಂತು ನೋಡುತ್ತಾರೆ. ಅವನು ಬಂದದ್ದು ತಡವಾಗಿ. ಹೊರಗಿನವನ ಎದುರು ಯಾಕೆ ಎಂದು ಅವಳು ಎಡಗೈಗೆ ಹಚ್ಚಲಿಲ್ಲ. ನೋಡಿ, ಎಂಥ ಬುದ್ಧಿ! ಹಚ್ಚಿದ್ದು ಹೊಡೆತದ ಕೈಗೊಂದಕ್ಕೇ ಎಂದಾಯಿತು.

ಆ ಮನುಷ್ಯನ ಕಣ್ಣು ಟೇಬಲ್ಲಿನ ಮೇಲಿನ ಕರಿ ಟವೆಲಿನ ಮೇಲೆ ಬಿತ್ತು. ಅಲ್ಲಿ ಬಿಳಿ ಪುಡಿ ಚೆಲ್ಲಿತ್ತು. ಬಲಗೈಯ ಪಟ್ಟಿ ಕತ್ತರಿಸಿ ತೋರಿಸಿ ಎಂದ. ಗ್ಲೆನ್‌ರಾಯ್‌ನ ಮುದುಕ ಕೋಚ್ ಧಾರಾಳವಾಗಿ ಕತ್ತರಿಸಿ ಎಂದು ನಕ್ಕ, ಪಾಪ ಅವನಿಗೇನು ಗೊತ್ತು. ಇನ್ಸ್‌ಪೆಕ್ಟರ್ ಬಂದು ಟೇಪು ಕತ್ತರಿಸಿದ. ಬೆವರಿಗೆ ಕಲಸಿ ಗೆಣ್ಣುಗಳ ನಡುವೆ ಬಿಳಿಯದು ಗಟ್ಟಿಯಾಗಿ ಕೂತಿತ್ತು. ಪಟ್ಟಿಯೊಳಗೆ ಪ್ಲಾಸ್ಟರ್ ಪುಡಿ ಹಾಕಿ ಕೈಯನ್ನು ಕಲ್ಲು ಮಾಡಿಕೊಳ್ಳುವ ಮೋಸಗಾರರು ಬಾಕ್ಸಿಂಗ್‌ನಲ್ಲಿ ಇದ್ದಾರೆ; ಅಲ್ಲಿದ್ದವರೆಲ್ಲರ ತಲೆಗೆ ಬಂದದ್ದು ಅದೇ. ಇದೇನು ಎಂದು ಇನ್ಸ್‌ಪೆಕ್ಟರ್ ಅವಳನ್ನು ಕೇಳಿದ.

ವಿಭೂತಿ ಎಂದರೆ ಏನೆಂದು ಹೇಳುವುದು, ಬೂದಿ ಎಂದರೆ ಯಾತರ ಬೂದಿ ಎನ್ನುತ್ತಾರೆ, ಸಗಣಿ ಎಂದರೆ ನಗುತ್ತಾರೆ. ಆ ಹಳೆಯ ಬಾಯಿನೋವೇ ಅವಳ ಬಾಯಲ್ಲಿ ಮಾತಾಡಿತು.

"ಟಾಲ್ಕಮ್ ಪೌಡರ್" ಎಂದಳು.

ಇನ್ಸ್‌ಪೆಕ್ಟರ್ ಅದನ್ನೇ ಬರೆದುಕೊಂಡು ಸಹಿ ಹಾಕಿಸಿಕೊಂಡ. ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಲ್ಯಾಬಿಗೆ ಕಳಿಸಿದರು. ಪಂದ್ಯ ರದ್ದಾಯಿತು. ರದ್ದಾದ ಹದಿನೈದನೆಯ ಪಂದ್ಯ ಅದು. ಗ್ಲೆನ್‌ರಾಯ್ ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತೇ ಇದ್ದ. ಅವನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ಮೂರು ವಾರಕ್ಕೆ ಲ್ಯಾಬಿನ ಕಾಗದ ಬಂತು. ಟಾಲ್ಕ್ ಅಲ್ಲ, ಕ್ಯಾಲ್ಸಿಯಂ ಇರುವ ಏನೋ ಒಂದು. ಪ್ಲಾಸ್ಟರ್ ಎಂದೂ ಖಚಿತವಿಲ್ಲ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಮಂಡಳಿಯ ವಿಚಾರಣೆ ಎಂದು ಇಬ್ಬರಿಗೂ ಕರೆ ಬಂತು. ನಿಜ ಹೇಳಿಬಿಡುತ್ತೇನೆ ಎಂದು ಅವಳು ವೀರೇಂದ್ರನಿಗೆ ಹೇಳಿದಳು. ಅವನು ಕೆಟ್ಟವನೇನಲ್ಲ, ಆದರೆ ಯಾವ ಕಾಗದವನ್ನೂ ಮೂರು ಸಲ ಓದದೆ ಮುಟ್ಟುವವನಲ್ಲ.

"ನೀ ಟಾಲ್ಕ್ ಅಂತ ಸಹಿ ಮಾಡಿ ಕೊಟ್ಟೀದಿ. ಈಗ ವಿಭೂತಿ ಅಂದ್ರ ಸುಳ್ಳ ಹೇಳಿದ್ದು ಒಪ್ಪಿಕೊಂಡಂಗ. ನಾಳೆ ನಿನ್ನ ಫಿಸಿಯೊ ರಿಜಿಸ್ಟ್ರೇಷನ್ ಹೋದ್ರ ಏನ್ ಮಾಡ್ತಿ?" ಎಂದ. ಸ್ವಲ್ಪ ತಡೆದು, "ಅಂವಾ ಹೆಂಗೂ ಮುಗದಾಂವ" ಎಂದೂ ಅಂದ.

ಅವಳಿಗೆ ಮೈಯೆಲ್ಲ ಉರಿಯಿತು. ಮುಗಿದಿಲ್ಲ ಎಂದು ಜಗಳ ಕಾದಳು, ಅತ್ತಳು, ಊಟ ಬಿಟ್ಟಳು. ಆದರೆ ರಿಜಿಸ್ಟ್ರೇಷನ್ನಿನ ಮಾತು ಎಲ್ಲೋ ಒಳಗೆ ಹೋಗಿ ಕೂತಿತು. ಇಲ್ಲಿಗೆ ಬಂದು ಮತ್ತೆ ಎಲ್ಲ ಪರೀಕ್ಷೆ ಬರೆದು, ಎರಡು ವರ್ಷ ವೃದ್ಧಾಶ್ರಮದಲ್ಲಿ ಮುದುಕರ ಬಟ್ಟೆ ಬದಲಿಸಿ ಗಳಿಸಿದ ರಿಜಿಸ್ಟ್ರೇಷನ್ ಅದು.

ವಿಚಾರಣೆಯ ಕೋಣೆ ಹದಿಮೂರನೆಯ ಮಹಡಿಯಲ್ಲಿತ್ತು. ಮೂವರು ಕೂತಿದ್ದರು, ಅಧ್ಯಕ್ಷೆ ನರೆತ ಕೂದಲಿನ ಹೆಂಗಸು, ಗದರುವವಳಲ್ಲ. ಮೊದಲು ಮಹಾಶ್ವೇತಾಳ ಸರದಿ. ತಾನು ಹಚ್ಚಿದ್ದು ಟಾಲ್ಕ್, ಬೇರೇನೂ ತನಗೆ ಗೊತ್ತಿಲ್ಲ ಎಂದಳು. ಹಾಗೆಂದರೆ ಬೇರೆಯದು ಗ್ಲೆನ್‌ರಾಯ್‌ನದೇ ಕೆಲಸ ಎಂದಂತಾಯಿತು. ಅದು ಅವಳಿಗೆ ಹೇಳುವಾಗಲೇ ಗೊತ್ತಿತ್ತು. ಆಮೇಲೆ ಅವನನ್ನು ಕೇಳಿದರು. ಪಟ್ಟಿ ಸುತ್ತುವಾಗ ತಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿರುತ್ತೇನೆ, ಏನು ಹಚ್ಚಿದರು, ಹಚ್ಚಿದರೋ ಇಲ್ಲವೋ, ಏನನ್ನೂ ನೋಡಿಲ್ಲ ಎಂದ. ಅದು ಸುಳ್ಳು. ಅವನು ಯಾವತ್ತೂ ಕಣ್ಣು ಮುಚ್ಚಿದವನಲ್ಲ, ಅವಳ ಬೆರಳುಗಳನ್ನೇ ನೋಡುತ್ತ ಕೂರುವವನು. ಯಾಕೆ ಹೀಗೆ ಹೇಳುತ್ತಿದ್ದಾನೆ ಎಂದು ಅವಳಿಗೆ ತಿಳಿಯಲಿಲ್ಲ.

ಅಧ್ಯಕ್ಷೆ ಕನ್ನಡಕ ತೆಗೆದಿಟ್ಟಳು. "ಇದು ಏನೆಂದು ಗೊತ್ತಾದರೆ ಒಂದು ಮಾತು, ಗೊತ್ತಾಗದಿದ್ದರೆ ಬೇರೆ ಮಾತು. ಈ ಕೋಣೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಈಗಲೂ ಹೇಳಬಹುದು" ಎಂದಳು. ಹೇಳಿ, ಕಾದಳು. ಒಂದು ನಿಮಿಷವಾದರೂ ಕಾದಿರಬೇಕು. ಗ್ಲೆನ್‌ರಾಯ್ ನೆಲ ನೋಡುತ್ತಿದ್ದ. ಮಹಾಶ್ವೇತಾಳ ನಾಲಿಗೆಯ ತುದಿಗೆ ಬಂದಿತ್ತು, ಒಂದೇ ಒಂದು ಮಾತು. ಅವಳು ಲೋಟ ಎತ್ತಿ ನೀರು ಕುಡಿದಳು.

ಗ್ಲೆನ್‌ರಾಯ್‌ಗೆ ಎರಡು ವರ್ಷ ನಿಷೇಧ. ಅಪೀಲಿಗೆ ಇಪ್ಪತ್ತೆಂಟು ದಿನ. ಪ್ರಮೋಟರ್ ಮಾರನೆಯ ದಿನವೇ ಕೈ ತೊಳೆದುಕೊಂಡ. ಪೇಪರಿನಲ್ಲಿ ನಾಲ್ಕು ಸಾಲು ಬಂತು, ಮೋಸದ ಪಟ್ಟಿ ಎಂದು.

ಆ ಇಪ್ಪತ್ತೆಂಟು ದಿನ ಅವಳು ಬದುಕಿದ್ದು ಹೇಗೆಂದು ಅವಳಿಗೇ ಗೊತ್ತು. ದಿನಾ ಬೆಳಿಗ್ಗೆ ಟ್ರೇನಿನಲ್ಲಿ ಫೋನು ತೆಗೆದು ಅಧ್ಯಕ್ಷೆಗೆ ನಿಜ ಹೇಳುವ ಕಾಗದ ಬರೆಯುವಳು, ಪ್ಯಾರಮಟ್ಟಾ ಬರುವಷ್ಟರಲ್ಲಿ ಅಳಿಸುವಳು. ಇಪ್ಪತ್ತೆಂಟನೆಯ ದಿನ ಕಳೆದ ಸಂಜೆ ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಅವತ್ತು ಹೊಟ್ಟೆ ತುಂಬ ಉಂಡಳು.

ಅದಾದ ನಾಲ್ಕನೆಯ ದಿನ ಮಧ್ಯಾಹ್ನ ಗ್ಲೆನ್‌ರಾಯ್ ಕ್ಲಿನಿಕ್ಕಿಗೆ ಬಂದ. ಗುರುವಾರ ಊರಿಗೆ ವಿಮಾನ, ಹೇಳಿ ಹೋಗೋಣವೆಂದು ಬಂದೆ ಎಂದ. ಬಾಗಿಲು ಮುಚ್ಚಿ, ಎಂದಿನ ಕುರ್ಚಿಯಲ್ಲಿ ಕೂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಒಂದು ಕೇಳಬೇಕು, ಸಿಸ್ಟರ್. ಅವತ್ತು ಹಾಕಿದ್ದು ಏನು? ಪ್ಲಾಸ್ಟರ್ ಆಗಿದ್ದರೂ ಹೇಳಿ. ನನಗೋಸ್ಕರ ಮಾಡಿದ್ದು ಅಂತ ಗೊತ್ತು. ನಾನು ನೋಡಿದೆ ಅಂದರೆ ನಿಮ್ಮನ್ನು ಪೊಲೀಸರಿಗೆ ಕೊಡುತ್ತಾರೆ ಅಂತ ಅಲ್ಲಿ ಏನೂ ಹೇಳಲಿಲ್ಲ."

ಮಹಾಶ್ವೇತಾಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹನ್ನೊಂದು ವರ್ಷದ ಬದುಕನ್ನು ಈ ಮನುಷ್ಯ ಅವಳು ಮಾಡದ ಮೋಸವನ್ನು ಮುಚ್ಚಲು ಕೊಟ್ಟಿದ್ದ. ಅವಳು ಹೇಳಿದಳು. ಅಜ್ಜನ ಕಟ್ಟೆ, ದಬ್ಬೆ, ಚಿಟಿಕೆ, ಎಲ್ಲ. ಅದು ಬೂದಿ, ದೇವರ ಬೂದಿ, ಸಗಣಿ ಸುಟ್ಟು ಮಾಡುವುದು, ಹಣೆಗೆ ಹಚ್ಚಿಕೊಳ್ಳುವುದು, ಕೈ ಮುರಿಯದಿರಲಿ ಎಂದು ಹಚ್ಚಿದ್ದು. ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ.

ಅವನು ತನ್ನ ಬಲಗೈಯನ್ನು ತಿರುವಿ ನೋಡಿಕೊಂಡ. ಅವನ ಅಜ್ಜಿಯೂ ಮಕ್ಕಳ ನೆತ್ತಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಿದ್ದಳಂತೆ, ಅದನ್ನು ಹೇಳಿದ. ಆಮೇಲೆ ಎದ್ದು ನಿಂತ.

"ಇಷ್ಟನ್ನು ಅಲ್ಲಿ ಹೇಳಿದ್ದರೆ ಸಾಕಿತ್ತಲ್ಲ, ಸಿಸ್ಟರ್" ಎಂದ.

ಅವಳು ಈಗ ಬರೆಯುತ್ತೇನೆ, ಇವತ್ತೇ ಬರೆಯುತ್ತೇನೆ ಎಂದು ತೊದಲಿದಳು. ಅಪೀಲಿನ ದಿನ ಮುಗಿದಿದೆ ಎಂದು ಅವನಿಗೆ ಗೊತ್ತಿತ್ತು, ಅವಳಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅವನು ತಲೆಯಾಡಿಸಿ ಹೊರಟುಹೋದ.

ಸಂಜೆ ಊಟಕ್ಕೆ ಕೂತಾಗ, ಅವನು ಬಂದಿದ್ದನೆಂದು ವೀರೇಂದ್ರನಿಗೆ ಹೇಳಿದಳು. ಏನಂದ ಎಂದು ವೀರೇಂದ್ರ ಕೇಳಿದ.

"ಏನೂ ಅನ್ಲಿಲ್ರಿ" ಎಂದಳು ಮಹಾಶ್ವೇತಾ, ಮತ್ತು ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು.