ಷಡ್ಡಕನ ಊರಿನ ಟೆಲಿಫೋನು

ಹಲಸೂರಿನಲ್ಲಿ ಹತ್ತಿದರೆ ಸೀಟು ಸಿಗುವುದಿಲ್ಲವೆಂದು ಭಾನುವಾರ ಬೆಳಿಗ್ಗೆ ಹಿಂದಕ್ಕೆ ಶಿವಾಜಿನಗರಕ್ಕೇ ಹೋಗಿ ಹೊಸಕೋಟೆ ಕಡೆಯ ಬಸ್ಸು ಹಿಡಿದೆ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು, ಹೊಟ್ಟೆಯಲ್ಲಿ ಕಿಚ್ಚು. ನನ್ನ ಷಡ್ಡಕ ಮುನಿರಾಜುವಿನ ಮನೆಗೆ ಟೆಲಿಫೋನು ಬಂದಿತ್ತು. ನಾನೋ ಹನ್ನೊಂದು ವರ್ಷದಿಂದ ಕೃಷ್ಣರಾಜಪುರದ ಹತ್ತಿರ ಟೆಲಿಫೋನು ತಯಾರಿಸುವ ಕಾರ್ಖಾನೆಯಲ್ಲಿ ಗಂಟೆ ಪರೀಕ್ಷೆ ಮಾಡುವವನು. ಮನೆಗೊಂದು ಫೋನು ಬೇಕೆಂದು ಅರ್ಜಿ ಹಾಕಿ ಏಳು ವರ್ಷವಾಗಿದ್ದರೂ ಉತ್ತರವಿರಲಿಲ್ಲ.

"ನಿಮ್ಮ ಕೈಲಾಗದ್ದನ್ನ ನನ್ನ ತಂಗಿ ಗಂಡ ಮಾಡ್ಬಿಟ್ರು ನೋಡ್ರೀ" ಎಂದು ನನ್ನ ಹೆಂಡತಿ ಸಾವಿತ್ರಿ ತಿಂಗಳಿಂದ ಹಾಡುತ್ತಿದ್ದಳು. ಆ ಫೋನಿನಲ್ಲಿ ಒಂದು ತಪ್ಪನ್ನಾದರೂ ಕಂಡುಹಿಡಿದು ತಂದು ಅವಳ ಬಾಯಿ ಮುಚ್ಚಿಸಬೇಕೆಂಬುದೇ ನನ್ನ ಪ್ರಯಾಣದ ಉದ್ದೇಶ.

ಇಂದಿರಾನಗರದಲ್ಲಿ ಆಗಿನ್ನೂ ಸೈಟಿನ ಕಲ್ಲು ನೆಡುತ್ತಿದ್ದರು. ಅದನ್ನು ದಾಟಿ ನಮ್ಮ ಕಾರ್ಖಾನೆಯ ಗೇಟನ್ನೂ ದಾಟಿದ ಮೇಲೆ ಕಂಡಕ್ಟರು ಟಿಕೆಟ್ ಹರಿಯುತ್ತಾ, "ಬಿದರೆಕುಂಟೆನಾ? ಫೋನ್ ಊರು ಅನ್ನಿ ಸಾರ್!" ಎಂದ. ನಾನು ಕಿಟಕಿಯ ಕಡೆ ತಿರುಗಿದೆ.

ಇಳಿದರೆ ಮುನಿರಾಜು ಆಗಲೇ ನಿಂತಿದ್ದ. ಬರುತ್ತೇನೆಂದು ನಾನು ತಿಳಿಸಿರಲಿಲ್ಲ.

"ಕೆರೆ ಪಕ್ಕದ ಮನೆ ಗೌರಮ್ಮ ಫೋನ್ ಮಾಡಿದ್ರಣ್ಣ. ಬಸ್ಸು ಕೆರೆ ಏರಿ ಮೇಲೆ ಬಂತು, ಕಿಟಕೀಲಿ ನಿಮ್ಮ ಷಡ್ಡಕನ ಮುಖ ಕಾಣ್ತು, ಗಂಟು ಹಾಕ್ಕೊಂಡೈತೆ ಅಂದ್ರು" ಎಂದು ನಕ್ಕ.

ದಾರಿಯುದ್ದಕ್ಕೂ ಅವನು ಹೇಳಿದ್ದಿಷ್ಟು. ಹದಿನಾಲ್ಕು ಮನೆಯವರು ಸೇರಿ ಒಂದು ಫೋನ್ ಸಂಘ ಕಟ್ಟಿದ್ದರು. ಕಂಬಕ್ಕೆ ಅವರವರ ತೋಪಿನ ನೀಲಗಿರಿ ಮರ. ಫೋನುಗಳು ಮಿಲಿಟರಿಯವರು ಬಿಸಾಡಿದವು, ಶಿವಾಜಿನಗರದ ಗುಜರಿ ಅಂಗಡಿಯಿಂದ ತಂದವು. ಲೈನು ಬೇರೆ ಊರಿಗೆ ಹೋಗದು. ಊರಿಗೂ ಸುತ್ತಲ ತೋಟದ ಮನೆಗಳಿಗೂ ಒಂದೇ ತಂತಿ. ಯಾರ ಹೊಲದಲ್ಲಿ ತಂತಿ ಹರಿದರೂ ಎಲ್ಲರೂ ಹೋಗಿ ಕಟ್ಟುವುದು. ದನದ ಡಾಕ್ಟರು ಬರುವ ದಿನ, ಸಂತೆಯ ಟೊಮೇಟೊ ಬೆಲೆ, ಬಸ್ಸು, ಎಲ್ಲ ಸುದ್ದಿಯೂ ಅದರಲ್ಲೇ. ಹಿಡಿ ತಿರುಗಿಸಿದರೆ ಎಲ್ಲ ಮನೆಯಲ್ಲೂ ಗಂಟೆ ಹೊಡೆಯುತ್ತದೆ. ಆದ್ದರಿಂದ ಮನೆಗೊಂದು ಗುರುತು. ಮುನಿರಾಜುವಿನದು ಒಂದು ಉದ್ದ ಗಂಟೆ, ಎರಡು ಗಿಡ್ಡ.

ಇದಕ್ಕೆಲ್ಲ ಸರ್ಕಾರದ ಅಪ್ಪಣೆ ಇರಲಾರದೆಂದು ಮನಸ್ಸಿನಲ್ಲೇ ಕುಣಿದೆ. ಮನೆಯೊಳಗೆ ಹೋದರೆ ಲೈಸೆನ್ಸಿಗೆ ಚೌಕಟ್ಟು ಹಾಕಿಸಿ ಲಕ್ಷ್ಮಿ ಪಟದ ಪಕ್ಕ ನೇತುಹಾಕಿದ್ದರು. ಎರಡು ಸಲ ಓದಿದೆ. ಮೊಸರಿನಲ್ಲಿ ಕಲ್ಲು ಸಿಗಲಿಲ್ಲ.

ನಾದಿನಿ ಲಲಿತ ಮುದ್ದೆ ತಿರುವುತ್ತಿದ್ದಳು, ಮುನಿರಾಜು ಎಲೆ ತರಲು ಹಿತ್ತಲಿಗೆ ಹೋಗಿದ್ದ. ಗಂಟೆಯಲ್ಲಾದರೂ ದೋಷವಿದ್ದೀತೆಂದು ಕಾರ್ಖಾನೆಯ ಅಭ್ಯಾಸದಂತೆ ಹಿಡಿ ಹಿಡಿದು ಒಂದೇ ಸಮನೆ, ನಿಲ್ಲಿಸದೆ, ಇಪ್ಪತ್ತು ಎಣಿಸುವವರೆಗೆ ತಿರುಗಿಸಿದೆ.

"ಅಯ್ಯೋ ಭಾವಾ, ಬಿಡಿ!" ಎಂದು ಲಲಿತ ಮುದ್ದೆ ಕೋಲು ಹಿಡಿದೇ ಓಡಿ ಬಂದಳು.

ರಿಸೀವರು ಎತ್ತಿಕೊಂಡು ಕೇಳಿದರೆ ಮಿಕ್ಕ ಹದಿಮೂರು ಮನೆಯವರೂ ಒಟ್ಟಿಗೆ ಕೂಗುತ್ತಿದ್ದರು. "ಯಾರ ಮನೇಲಿ?" "ಬೆಂಕಿನಾ?" "ಹಾವಾ?" ನಿಲ್ಲದ ಗಂಟೆಯೆಂದರೆ ಆಪತ್ತು, ಎಲ್ಲರೂ ಬನ್ನಿ ಎಂದರ್ಥವಂತೆ. "ಮುನಿರಾಜು ಮನೆ" ಎಂದೆ, ಮಿಕ್ಕಿದ್ದನ್ನು ಹೇಳುವಷ್ಟರಲ್ಲಿ ಎಲ್ಲರೂ ಫೋನಿಟ್ಟು ಓಡಿದ್ದರು. ಸ್ವಲ್ಪದರಲ್ಲೇ ಅಂಗಳದ ತುಂಬ ಜನ. ದೊಣ್ಣೆ, ಕೊಡ, ಒಬ್ಬರ ಕೈಯಲ್ಲಿ ಹಗ್ಗ. ಗೌರಮ್ಮ ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದರು.

ನಾಚಿಕೆಯಿಂದ ಸತ್ತೆ. ಬಯ್ಯುತ್ತಾರೆಂದುಕೊಂಡರೆ, "ಪರವಾಗಿಲ್ಲ ಬಿಡಪ್ಪ, ಒಬ್ಬರೂ ತಪ್ಪಿಸಿಲ್ಲ, ಎಲ್ಲಾ ಬಂದವ್ರೆ" ಎಂದು ಗೌರಮ್ಮ ತಲೆ ಎಣಿಸಿ ಖುಷಿಪಟ್ಟರು. ಹಲಸೂರಿನ ನಮ್ಮ ವಠಾರದಲ್ಲಿ ಹೋದ ವರ್ಷ ಸಾವಿತ್ರಿ ಜಾರಿ ಬಿದ್ದಾಗ ಗೋಡೆಯಾಚೆಯವರಿಗೆ ಸಂಜೆಯವರೆಗೂ ಗೊತ್ತಾಗಿರಲಿಲ್ಲ. ಫೋನಿನ ಮೇಲಿದ್ದ ಹೊಟ್ಟೆಕಿಚ್ಚು ಈಗ ಆ ಜನರ ಮೇಲೆ ತಿರುಗಿತು, ಇನ್ನೂ ಹೆಚ್ಚಾಯಿತು.

ಹೊರಡುವಾಗ ಗೌರಮ್ಮ, "ಎರಡು ಉದ್ದ, ಮೂರು ಗಿಡ್ಡ ಯಾರಿಗೂ ಕೊಟ್ಟಿಲ್ಲ. ಅದು ನಿಂದೇ ಅಂತ ಇಟ್ಟಿರ್ತೀವಿ" ಎಂದರು. ನಾನು ತಲೆಯಾಡಿಸಿ ನಾಲ್ಕು ಗಂಟೆಯ ಬಸ್ಸು ಹತ್ತಿದೆ. ಏರಿಯ ತಿರುವಿನವರೆಗೂ ಆ ವಾರೆ ಕಂಬಗಳು ಕಾಣುತ್ತಿದ್ದವು.

ಮನೆ ಮುಟ್ಟಿದ ಕೂಡಲೇ ಸಾವಿತ್ರಿ ಕೇಳಿದಳು: "ಏನಾದ್ರೂ ತಪ್ಪು ಸಿಕ್ತಾ?"

"ಒಂದು ಸಿಕ್ತು" ಎಂದೆ.

"ಏನ್ರೀ ಅದು?"

"ಆ ತಂತಿ ಹಲಸೂರಿನ ತನಕ ಬರಲ್ಲ."