ಕರಗದ ಐಸಿನ ಸಾಕ್ಷ್ಯ

2021ರಿಂದ ನಾನು ಹುಬ್ಬಳ್ಳಿಯ ಒಂದು ಖಾಸಗಿ ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ವಿಶ್ಲೇಷಕನಾಗಿದ್ದೇನೆ. ಇಲ್ಲಿ ಹೇಳುವ ಪ್ರಕರಣ ಅದರ ಮಾರನೇ ವರ್ಷದ್ದು. ತಿಂಗಳು ನವೆಂಬರ್ ಎಂದು ನನ್ನ ನೆನಪು. ನೋಟ್‌ಬುಕ್ಕಿನ ಮೊದಲ ನಮೂದು ಡಿಸೆಂಬರ್ 6ರದು. ಇಂಥ ಕಡೆ ನಾನೀಗ ನೋಟ್‌ಬುಕ್ಕನ್ನೇ ನಂಬುತ್ತೇನೆ. ಹಾಗೆ ನಂಬುವುದನ್ನು ಕಲಿಸಿದ್ದೂ ಇದೇ ಪ್ರಕರಣ.

ಕಮರಿಪೇಟೆಯ ಒಂದು ಮನೆಯಲ್ಲಿ ಮಧ್ಯಾಹ್ನ ಬಂಗಡೆ ಮೀನಿನ ಊಟ ಮಾಡಿದ ಒಂಬತ್ತು ಜನಕ್ಕೆ ಅರ್ಧ ಗಂಟೆಯೊಳಗೆ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸಲಾರಂಭಿಸಿತು. ಸಂಜೆಯ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು. ಉಳಿದಿದ್ದ ಮೀನನ್ನು ನಮ್ಮಲ್ಲಿಗೆ ಕಳಿಸಿದರು. ಅದರಲ್ಲಿ ಹಿಸ್ಟಮಿನ್ ಮಿತಿಗಿಂತ ಬಹಳ ಹೆಚ್ಚಿತ್ತು. ಬಂಗಡೆ, ಸುರಮಾಯಿಯಂಥ ಮೀನುಗಳನ್ನು ಹಿಡಿದ ಕೂಡಲೇ ತಣ್ಣಗೆ ಮಾಡದಿದ್ದರೆ ಬ್ಯಾಕ್ಟೀರಿಯಾಗಳು ಮಾಂಸದಲ್ಲಿ ಈ ವಸ್ತುವನ್ನು ಉಂಟುಮಾಡುತ್ತವೆ. ಒಮ್ಮೆ ಉಂಟಾದ ಮೇಲೆ ಅದು ಹುರಿದರೂ ಹೋಗದು, ಫ್ರೀಜರಿಗಿಟ್ಟರೂ ಹೋಗದು. ಮೀನಿನಿಂದ ಕೆಟ್ಟ ವಾಸನೆ ಬರಲೇಬೇಕೆಂದೂ ಇಲ್ಲ.

ಆ ಬಂಗಡೆಯನ್ನು ಮಾರಿದವರು ರುಕ್ಮವ್ವ. ಮೀನು ಮಾರುಕಟ್ಟೆಯ ಒಂದು ಕಟ್ಟೆಯ ಮೇಲೆ ಅತ್ತೆಯ ಕಾಲದಿಂದ ಅವರ ವ್ಯಾಪಾರ. ಸುದ್ದಿ ಹರಡಿದ ದಿನವೇ ವ್ಯಾಪಾರಿಗಳ ಸಂಘ ಆಕೆಯನ್ನು ಕಟ್ಟೆಯಿಂದ ಇಳಿಸಿತು. ತಪ್ಪು ಆಕೆಯದೇ ಎಂದಾದರೆ ತಿಂಗಳ ಕೊನೆಗೆ ಕಟ್ಟೆ ಬೇರೆಯವರಿಗೆ ಹೋಗುತ್ತದೆಂದು ತೀರ್ಮಾನವೂ ಆಗಿತ್ತು. ತಪ್ಪು ಎಲ್ಲಾಯಿತೆಂದು ಹೇಳುವ ಕೆಲಸವನ್ನು ಸಂಘ ನಮಗೆ ವಹಿಸಿತು.

ನಾನು ಎರಡು ಕಡೆ ನೋಡಿದೆ. ಮೊದಲು, ಅದೇ ದಿನ, ಇನ್ನೂ ಕಟ್ಟೆಯ ಮೇಲೇ ಇದ್ದ ರುಕ್ಮವ್ವನ ಮಾಲು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಅರ್ಧಕ್ಕರ್ಧ ನೀರಾಗಿತ್ತು. ಮೇಲಿದ್ದ ಒಂದು ಮೀನಿಗೆ ಥರ್ಮಾಮೀಟರಿನ ಕಡ್ಡಿ ಚುಚ್ಚಿದಾಗ 8 ಡಿಗ್ರಿ ತೋರಿಸಿತು. ಎರಡು ದಿನ ಬಿಟ್ಟು ಘಟ್ಟ ಇಳಿದು, ಆ ಬಂಗಡೆ ಹಿಡಿದಿದ್ದ ದೋಣಿ ದಡಕ್ಕೆ ಬರುವ ಹೊತ್ತಿಗೆ ಅಲ್ಲಿದ್ದೆ. ಐದು ಜನರ ಸಣ್ಣ ದೋಣಿ, ಮೂರು ದಿನದ ಟ್ರಿಪ್ ಮುಗಿಸಿ ಬಂದಿತ್ತು. ಅದರ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ, ಗಣಪತಿ ಎಂಬವರು. ಮೀನು ತುಂಬುವ ಹೋಲ್ಡಿನ ಮುಚ್ಚಳ ತೆಗೆದು ಅವರು ಹೆಮ್ಮೆಯಿಂದ ಹೇಳಿದರು:

“ನೋಡಿ ಸಾರ್, ಮೂರು ದಿವ್ಸ ಆತು, ಐಸ್ ಇನ್ನೂ ಗುಡ್ಡೆ ಹಾಂಗೇ ಅದೆ.”

ನಿಜವಾಗಿಯೂ ಬೆಳ್ಳಗೆ, ಚೂಪಾದ ಅಂಚುಗಳ ಐಸ್. ಒಂದು ಡಿಗ್ರಿ ಬರೆದುಕೊಂಡೆ. ದೋಣಿಯಲ್ಲಿ ಶೈತ್ಯ ವ್ಯವಸ್ಥೆ ತೃಪ್ತಿಕರವಾಗಿದೆ, ಲೋಪ ಮಾರಾಟದ ಹಂತದಲ್ಲಿ ಆಗಿದೆ ಎಂದು ವರದಿ ಕೊಟ್ಟೆ. ಎರಡೂವರೆ ಪುಟ. ಓದಲು ಚೆನ್ನಾಗಿಯೇ ಇತ್ತು.

ವರದಿ ಹೋದ ಮೂರನೇ ದಿನ ರುಕ್ಮವ್ವ ಪ್ರಯೋಗಾಲಯಕ್ಕೆ ಬಂದರು. ಕಾವಲುಗಾರ ತಡೆದಿದ್ದಕ್ಕೆ ಅವನ ಮೇಲೆ ಕೂಗಾಡಿದ್ದು ನನ್ನ ಕೋಣೆಯವರೆಗೆ ಕೇಳಿಸಿತು. ಅಳುತ್ತಾರೆಂದುಕೊಂಡಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

“ಸಾಹೇಬ್ರ, ನೀವು ಮೀನು ತಿಂತೀರೇನ್ರಿ?”

“ಇಲ್ಲ. ನಮ್ಮ ಮನ್ಯಾಗ ನಡ್ಯಂಗಿಲ್ಲ.”

“ಹಂಗಾರ ಛಲೋ ಆತು ಬಿಡ್ರಿ. ತಿನ್ನಲಾರದವ್ರು ತೀರ್ಪು ಕೊಟ್ಟೀರಿ, ಪಕ್ಷಪಾತ ಇರೂದಿಲ್ಲ.” ಆಮೇಲೆ ನಗು ನಿಲ್ಲಿಸಿ ಕೇಳಿದರು: “ಒಂದ ಮಾತು ಹೇಳ್ರಿ. ನನ್ನ ಕಟ್ಟಿ ಮ್ಯಾಲ ಮೀನಿನ ಹೊಟ್ಟ್ಯಾಗ ಕಡ್ಡಿ ಚುಚ್ಚೀರಿ. ನಾನ ಕಣ್ಣಾರೆ ನೋಡೇನಿ. ದೋಣ್ಯಾಗ ಎದಕ್ಕ ಚುಚ್ಚೀರಿ?”

“ಮೀನಿಗೇ,” ಎಂದೆ.

“ಖರೇ?”

“ಖರೇ.”

ಅವರು ಎದ್ದು ಹೋದರು. ನಾನು ಸುಳ್ಳು ಹೇಳಿರಲಿಲ್ಲ. ದೋಣಿಯ ಬಂಗಡೆಯ ಕಿವಿರಿನ ಹಿಂದೆ ಕಡ್ಡಿ ಇಳಿಯುವಾಗಿನ ಆ ಸಣ್ಣ ಪ್ರತಿರೋಧ ನನ್ನ ಬೆರಳಿಗೆ ನೆನಪಿತ್ತು. ಆದರೂ ನೋಟ್‌ಬುಕ್ ತೆಗೆದೆ. ರುಕ್ಮವ್ವನ ಪುಟದಲ್ಲಿ “ಬಂಗಡೆ, ಮೇಲ್ಪದರ, 8” ಎಂದಿತ್ತು. ದೋಣಿಯ ಪುಟದಲ್ಲಿ “ಹೋಲ್ಡ್, 1” ಎಂದಷ್ಟೇ ಇತ್ತು. ಮೀನು ಎಂಬ ಪದವೇ ಇರಲಿಲ್ಲ. ಆ ದಿನ ತೆಗೆದ ಫೋಟೋಗಳನ್ನು ನೋಡಿದೆ. ಒಂದರಲ್ಲಿ ನನ್ನ ಕೈಯಿದೆ, ಕಡ್ಡಿಯಿದೆ. ಕಡ್ಡಿ ಐಸಿನ ಗುಡ್ಡೆಯಲ್ಲಿ ನೆಟ್ಟಗೆ ನಿಂತಿದೆ. ಮೀನು ಕಾಣಿಸುತ್ತಲೇ ಇಲ್ಲ. ಬೆರಳಿನ ನೆನಪು ಬೇರೆ ಯಾವುದೋ ದೋಣಿಯದೋ, ಅಥವಾ ಪ್ರಶ್ನೆ ಕೇಳಿದ ಕ್ಷಣದಲ್ಲಿ ಹುಟ್ಟಿದ್ದೋ, ಇವತ್ತಿಗೂ ಹೇಳಲಾರೆ.

ತಿಂಗಳು ಮುಗಿಯಲು ಹದಿನೈದು ದಿನ ಉಳಿದಿತ್ತು. ಸಂಘಕ್ಕೆ ಫೋನ್ ಮಾಡಿ ವರದಿಯನ್ನು ತಡೆಹಿಡಿಯಿರಿ ಎಂದೆ. ಅಧ್ಯಕ್ಷರಿಗೆ ಸಿಟ್ಟು ಬಂತು. “ಏನ್ರೀ ಸರ, ಸಹಿ ಮಾಡಿ ಕೊಟ್ಟ ಮ್ಯಾಲೂ ಬದಲಾಗತೈತೇನು?” ಎಂದರು. ಆಗಬಹುದು ಎಂದೆ. ಗಣಪತಿಯವರಿಗೂ ಫೋನ್ ಮಾಡಿ, ಮುಂದಿನ ಟ್ರಿಪ್ಪಿಗೆ ನನ್ನನ್ನೂ ಕರೆದುಕೊಂಡು ಹೋಗಿ ಎಂದು ಕೇಳಿದೆ.

ಸಮುದ್ರದ ಮೊದಲ ಅರ್ಧ ದಿನದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ನಾನು ದೋಣಿಯ ಅಂಚು ಹಿಡಿದು ವಾಂತಿ ಮಾಡುತ್ತಿದ್ದೆ. “ಹುಬ್ಬಳ್ಳಿ ಜೋಳದ ರೊಟ್ಟಿ ಸಮುದ್ರಕ್ಕೆ ಹೋತು, ಈ ಸಲ ಬಲೆ ಗಟ್ಟಿ ತುಂಬ್ತದೆ” ಎಂದು ದೋಣಿಯವರಲ್ಲೊಬ್ಬ ಹೇಳಿದ, ಎಲ್ಲರೂ ನಕ್ಕರು. ಮರುದಿನ ಬೆಳಿಗ್ಗೆ ಆರೂವರೆಗೆ ಬಲೆ ಎಳೆದಾಗ ನಿಜವಾಗಿಯೂ ತುಂಬಿತ್ತು.

ಮುಂದೆ ನಡೆದದ್ದನ್ನು ದಡದಲ್ಲಿ ನಿಂತವನು ನೋಡಲು ಸಾಧ್ಯವೇ ಇರಲಿಲ್ಲ. ಬಂಗಡೆಯನ್ನು ದಪ್ಪ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಾಯಿ ಬಿಗಿದು, ಚೀಲಗಳನ್ನು ಹೋಲ್ಡಿನಲ್ಲಿ ಒಂದರ ಮೇಲೊಂದು ಪೇರಿಸಿ, ಮೇಲೆ ಐಸ್ ಹರಡಿದರು. ದಡಕ್ಕೆ ಬರುವ ಮುನ್ನ ಚೀಲ ಬಿಚ್ಚಿ ಮೀನನ್ನು ಪೆಟ್ಟಿಗೆಗೆ ಸುರಿಯುವುದು ವಾಡಿಕೆ. ಕಾರಣ ಕೇಳಿದೆ.

“ಐಸ್ ತಾಗಿದ್ರೆ ಬಂಗಡೆ ಬಣ್ಣ ಹೋಗ್ತದೆ ಸಾರ್, ತಗಳುವವ್ರು ಮೂಗು ಮುರೀತಾರೆ. ಮತ್ತೆ ಐಸೂ ಉಳೀತದೆ,” ಎಂದರು ಗಣಪತಿ. “ನಮ್ಮ ಕಡೆ ಐಸ್ ಉಳಿಸಿ ತಂದವನೇ ಹುಷಾರಿ ತಾಂಡೇಲ.”

ಐಸ್ ತಣ್ಣಗಿರುವುದರಿಂದ ಮೀನು ತಣ್ಣಗಾಗುವುದಿಲ್ಲ. ಐಸ್ ಕರಗುವುದರಿಂದ ತಣ್ಣಗಾಗುತ್ತದೆ. ಕರಗಲು ಬೇಕಾದ ಶಾಖವನ್ನು ಅದು ಮೀನಿನಿಂದ ಎಳೆದುಕೊಳ್ಳಬೇಕು. ಕರಗಿದ ನೀರು ಮೀನುಗಳ ನಡುವೆ ಇಳಿದು ಇನ್ನಷ್ಟು ಶಾಖ ಒಯ್ಯಬೇಕು. ಚೀಲದ ಹೊರಗೆ ಕರಗದೆ ಉಳಿದ ಐಸ್ ಅಂದರೆ ಕೆಲಸ ಮಾಡದೆ ಉಳಿದ ಐಸ್. ಇದನ್ನು ನಾನು ಧಾರವಾಡದಲ್ಲಿ ಎಂ.ಎಸ್‌ಸಿ. ಓದುವಾಗಲೇ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ದಡದಲ್ಲಿ ಆ ಬೆಳ್ಳನೆಯ ಗುಡ್ಡೆ ನೋಡಿ ಗಣಪತಿಯವರಷ್ಟೇ ಮೆಚ್ಚಿಕೊಂಡಿದ್ದೆ. ರುಕ್ಮವ್ವನ ಪೆಟ್ಟಿಗೆಯ ನೀರನ್ನು ಆಕೆಯ ವಿರುದ್ಧದ ಸಾಕ್ಷ್ಯವೆಂದು ಬರೆದಿದ್ದೆ.

ಮಧ್ಯಾಹ್ನ ಒಂದೂವರೆಗೆ, ಅಂದರೆ ಏಳು ಗಂಟೆಗಳ ನಂತರ, ನಡುವಿನ ಚೀಲವೊಂದನ್ನು ಬಿಚ್ಚಿಸಿದೆ. ಒಳಗಿನ ಬಂಗಡೆಗೆ ಕಡ್ಡಿ ಚುಚ್ಚುವ ಮುನ್ನ ಗಣಪತಿಯವರನ್ನು ಕರೆದು, ಅವರ ಕಣ್ಣೆದುರೇ ಚುಚ್ಚಿದೆ. 25.5 ಡಿಗ್ರಿ. ಅವರು ಕಡ್ಡಿಯನ್ನು ನಂಬಲಿಲ್ಲ. ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿದರು, ಹೊರಗೆ ತೆಗೆದರು, ಮತ್ತೆ ಹಾಕಿದರು.

“ಮೇಲೆ ಐಸ್, ಒಳಗೆ ಬೆಚ್ಚಗೆ,” ಎಂದರು.

ಮೂರನೇ ದಿನದ ಬೆಳಗಿನ ಬಲೆಯ ಮೀನನ್ನು ಎರಡು ಪಾಲು ಮಾಡಲು ಅವರೇ ಒಪ್ಪಿದರು. ಒಂದು ಪಾಲು ಎಂದಿನಂತೆ ಚೀಲಕ್ಕೆ. ಇನ್ನೊಂದನ್ನು ಒಂದು ಪದರ ಐಸ್, ಒಂದು ಪದರ ಮೀನು ಎಂದು ಜೋಡಿಸಿದೆವು. ಎರಡೂವರೆ ಗಂಟೆಯ ನಂತರ ಪದರದ ಮೀನು 2 ಡಿಗ್ರಿಗೆ ಇಳಿದಿತ್ತು. ಐಸ್ ಎಷ್ಟೊಂದು ಕುಸಿದಿತ್ತೆಂದರೆ ದೋಣಿಯವರು “ಎಲ್ಲ ನೀರಾಗಿ ಹೋತು” ಎಂದು ಗೊಣಗಿದರು. ಗಣಪತಿ ಅವರನ್ನು ಗದರಿದರು: “ನೀರಾಗ್ಲಿ ಬಿಡ್ರಾ, ಅದಕ್ಕೇ ತಂದದ್ದು.” ಅಂದು ರಾತ್ರಿ ದಡ ಸೇರಿದಾಗ ಎರಡೂ ಪಾಲಿನಿಂದ ಆರಾರು ಮೀನು ತಂದು ಪರೀಕ್ಷಿಸಿದೆ. ಚೀಲದ ನಡುವಿನ ಆರರಲ್ಲಿ ನಾಲ್ಕು ಹಿಸ್ಟಮಿನ್ ಮಿತಿ ಮೀರಿದ್ದವು. ಪದರದ ಆರರಲ್ಲಿ ಒಂದೂ ಇಲ್ಲ.

ಎರಡನೇ ವರದಿ ಬರೆಯುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಕಮರಿಪೇಟೆಯ ಮನೆಗೆ ಹೋದ ಮೀನೇ ಚೀಲದಲ್ಲಿ ಕೆಟ್ಟಿತ್ತು ಎಂದು ನಾನು ಪ್ರಮಾಣ ಮಾಡಲಾರೆ. ಆ ಟ್ರಿಪ್ ಬೇರೆ, ಈ ಟ್ರಿಪ್ ಬೇರೆ. ಬರೆಯಬಹುದಾಗಿದ್ದು ಇಷ್ಟು: ಈ ದೋಣಿಯ ಮೀನು ದಡ ಸೇರುವ ಮುನ್ನವೇ ಕೆಡಬಲ್ಲದು; ಹಾಗೆ ಕೆಟ್ಟ ಮೀನನ್ನು ಯಾವ ವ್ಯಾಪಾರಿಯೂ ಕಣ್ಣಿನಿಂದ ಗುರುತಿಸಲಾರ; ಕಟ್ಟೆಯ ಮೇಲೆ ಒಂದೆರಡು ತಾಸು 8 ಡಿಗ್ರಿಯಲ್ಲಿದ್ದ ಮೀನಿನಲ್ಲಿ ಇಷ್ಟು ಹಿಸ್ಟಮಿನ್ ಉಂಟಾಗುವುದು ಸಂಭವವಲ್ಲ. ಕೊನೆಗೆ ಒಂದು ಸಾಲು ಸೇರಿಸಿದೆ: “ಮೊದಲ ವರದಿಯಲ್ಲಿ ದೋಣಿಯ ಮೀನಿನ ಒಳಗಿನ ತಾಪಮಾನವನ್ನು ನಾನು ಅಳೆದಿರಲಿಲ್ಲ, ಐಸಿನದನ್ನು ಅಳೆದಿದ್ದೆ.”

ನಮ್ಮ ಪ್ರಯೋಗಾಲಯದ ಮುಖ್ಯಸ್ಥರಿಗೆ ಆ ಸಾಲು ಇಷ್ಟವಾಗಲಿಲ್ಲ. ಪರಿಷ್ಕೃತ ವರದಿ ಎಂದರೆ ಸಾಕು ಎಂದರು. ಆ ಸಾಲಿಲ್ಲದೆ ಸಹಿ ಮಾಡುವುದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಿದಂತೆ ನೆನಪು. ಅಷ್ಟು ಗಟ್ಟಿಯಾಗಿ ಹೇಳಿರಲಿಕ್ಕಿಲ್ಲ. ಸಾಲಂತೂ ಉಳಿಯಿತು.

ಸಂಘ ಒಪ್ಪಿತು. ತಿಂಗಳ ಕೊನೆಯ ವಾರ, ಬೆಳಿಗ್ಗೆ ಒಂಬತ್ತರ ಸುಮಾರಿಗೆ, ರುಕ್ಮವ್ವ ಮತ್ತೆ ಕಟ್ಟೆಯ ಮೇಲೆ ಕೂತರು. ವರದಿಯ ಪ್ರತಿ ಕೊಡಲು ನಾನೇ ಹೋಗಿದ್ದೆ. ಮೀನು ಹರವಿತ್ತು, ಜನ ಸುತ್ತ ನಿಂತಿದ್ದರು, ಯಾರೂ ಕೊಳ್ಳುತ್ತಿರಲಿಲ್ಲ. ಅವರು ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು.

“ಮೊದಲನೇ ಕಾಗದಕ್ಕೂ ಇದೇ ಸಿಕ್ಕಾ, ಇದೇ ಸಹಿ ಇತ್ತಲ್ರಿ. ಇದನ್ನ ಯಾಕ ನಂಬಬೇಕು ಮಂದಿ?”

“ಇದರಾಗ ನನ್ನ ತಪ್ಪೂ ಬರ್ದೇನ್ರಿ,” ಎಂದೆ.

“ಎಲ್ಲೈತಿ? ಓದ್ರಿ.”

ಓದಿದೆ.

“ಹಿಂದ ನಿಂತವ್ರಿಗೆ ಕೇಳಿಲ್ಲ. ಜೋರಾಗಿ ಓದ್ರಿ.”

ಮಾರುಕಟ್ಟೆಯ ನಡುವೆ ನಿಂತು ಆ ಸಾಲನ್ನು ಇನ್ನೊಮ್ಮೆ, ದೊಡ್ಡ ದನಿಯಲ್ಲಿ ಓದಿದೆ. ಥರ್ಮಾಮೀಟರ್ ಸುಳ್ಳು ಹೇಳುವುದಿಲ್ಲ; ತನ್ನನ್ನು ಎಲ್ಲಿಟ್ಟಿದ್ದಾರೋ ಅಲ್ಲಿಯದನ್ನಷ್ಟೇ ಹೇಳುತ್ತದೆ, ಎಲ್ಲಿಟ್ಟೆವೆಂದು ಹೇಳುವುದು ನಮ್ಮ ಕೆಲಸ. ಈ ವೃತ್ತಿ ನನಗೆ ಕಲಿಸಿದ ಪಾಠ ಅದು, ಕಲಿತದ್ದು ಪ್ರಯೋಗಾಲಯದ ಹೊರಗೆ. ನಾನು ಓದಿ ಮುಗಿಸಿದಾಗ ಹಿಂದಿನಿಂದ ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ಮುಂದೆ ಬಂದು, ಬಂಗಡೆಯ ಕಿವಿರು ಎತ್ತಿ ನೋಡಿ, ಬುಟ್ಟಿ ಚಾಚಿದಳು. ರುಕ್ಮವ್ವ ನನ್ನ ಕಡೆ ನೋಡದೆ ಹೇಳಿದರು: “ಬಾಜೂಕ ಸರಕೊಳ್ರಿ ಸಾಹೇಬ್ರ, ಗಿರಾಕಿ ಬಂದಾರ.”